ಉಪಸಂಹಾರಕ್ರೋಧ ಮೀಮಾಂಸೆ

ಭರತಮುನಿ ನಾಟ್ಯಶಾಸ್ತ್ರದಲ್ಲಿ ವ್ಯಭಿಚಾರಿ ಭಾವಗಳು 33 ಎಂದು ಎಣಿಸಿ ಕೈತೊಳೆದುಕೊಂಡ. ನಿರ್ವೇದದಿಂದ ವಿತರ್ಕದವರೆಗೆ ಎಲ್ಲವೂ ಆ ಪಟ್ಟಿಯಲ್ಲಿದೆ. ಹತ್ತು ವರ್ಷ ಜತೆಗೇ ಬೆಳೆದ ಪಾತ್ರಗಳ ಕಥೆ ಮುಗಿದಾಗ, ರಟ್ಟಿನ ಒಳಬದಿಯಲ್ಲಿ ಇನ್ನೊಂದು ಹಾಳೆ ಅಂಟಿಕೊಂಡಿದೆಯೇನೋ ಎಂದು ಉಗುರಿನಿಂದ ಎಬ್ಬಿ ನೋಡಿ, ‘ಇಷ್ಟೇನಾ?’ ಎನ್ನುವ ಓದುಗನ ಭಾವ ಮಾತ್ರ ಇಲ್ಲ. ಮುನಿಯನ್ನು ದೂರುವಂತಿಲ್ಲ. ಹ್ಯಾರಿ ಪಾಟರ್ ಸರಣಿಯ ಏಳನೆಯ ಹಾಗೂ ಕಡೆಯ ಸಂಪುಟ ಹೊರಬಿದ್ದದ್ದು 2007ರ ಜುಲೈ 21ರಂದು. ಪ್ರಸ್ತುತ ಪ್ರಬಂಧ ಈ 34ನೆಯ ಭಾವಕ್ಕೆ ‘ಉಪಸಂಹಾರಕ್ರೋಧ’ ಎಂದು ನಾಮಕರಣ ಮಾಡಿ, ಅದರ ಲಕ್ಷಣ, ಪ್ರಭೇದ ಮತ್ತು ಉಪಶಮನಗಳನ್ನು ವಿವೇಚಿಸುತ್ತದೆ. ಉಪಶಮನ ಸಿಕ್ಕಿಲ್ಲವಾದ್ದರಿಂದ ಆ ಭಾಗವನ್ನು ಕೈಬಿಡಲಾಗಿದೆ.

ಮೊದಲಿಗೆ ವಿಭಾವ. ಸರಣಿಯ ಮೊದಲ ಪುಸ್ತಕ ಬ್ರಿಟನ್ನಿನಲ್ಲಿ ಬಂದದ್ದು 1997ರ ಜೂನ್‌ನಲ್ಲಿ. ಆಗ ಹ್ಯಾರಿಗೂ ಹನ್ನೊಂದು, ಓದುಗನಿಗೂ ಹನ್ನೊಂದು. ಏಳನೆಯದು ಬರುವ ಹೊತ್ತಿಗೆ ಹ್ಯಾರಿಗೆ ಹದಿನೇಳು, ಓದುಗನಿಗೆ ಇಪ್ಪತ್ತೊಂದು. ಮಂತ್ರದಂಡ ಹಿಡಿದವನು ನಿಧಾನಕ್ಕೆ ಬೆಳೆದ, ಪುಸ್ತಕ ಹಿಡಿದವನು ಅವನನ್ನು ದಾಟಿ ಮುಂದೆ ಹೋದ. ಅಮೆರಿಕವೊಂದರಲ್ಲೇ ಮೊದಲ 24 ಗಂಟೆಗಳಲ್ಲಿ 83 ಲಕ್ಷ ಪ್ರತಿ ಖರ್ಚಾದವು. ಯಾರಾದರೂ ಕೊನೆ ಹೇಳಿಬಿಟ್ಟಾರೆಂದು ಕಿವಿ ಮುಚ್ಚಿಕೊಂಡು ಮನೆಗೆ ಓಡಿದವರು ಬೆಳಗಾಗುವವರೆಗೆ ಓದಿದರು. ದಾರಿಯಲ್ಲಿ ಹೆಡ್ವಿಗ್ ಎಂಬ ಗೂಬೆ ಸತ್ತಿತು, ಡಾಬಿ ಸತ್ತ, ಅವಳಿಗಳಲ್ಲಿ ಒಬ್ಬನಾದ ಫ್ರೆಡ್ ಸತ್ತ, ಹಸುಗೂಸನ್ನು ಮನೆಯಲ್ಲಿ ಬಿಟ್ಟು ಬಂದಿದ್ದ ಲೂಪಿನ್ ಮತ್ತು ಟಾಂಕ್ಸ್ ಇಬ್ಬರೂ ಸತ್ತರು. ಓದುಗ ಅತ್ತ, ಮೂಗೊರೆಸಿಕೊಂಡ, ಮುಂದಿನ ಪುಟ ತಿರುವಿದ.

ಕಡೆಯ ಕೆಲವೇ ಪುಟಗಳ ಉಪಸಂಹಾರ ಬಂತು. ಹತ್ತೊಂಬತ್ತು ವರ್ಷ ಕಳೆದಿದೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣ, ಸೆಪ್ಟೆಂಬರ್ ಒಂದು. ಲೋಕ ಉಳಿಸಿದವನು ಮಕ್ಕಳ ಟ್ರಂಕು ತಳ್ಳುತ್ತಿದ್ದಾನೆ. ಗೆಳೆಯ ರಾನ್ ಕಾರು ಪಾರ್ಕು ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದಾನೆ. ಶಾಲೆಯ ಹಳೇ ವೈರಿ ಡ್ರೇಕೊನ ಮುಂದಲೆ ಬೋಳಾಗತೊಡಗಿದೆ. ಇಲ್ಲಿ ಓದುಗನ ಸಹನೆಯ ಕಟ್ಟೆ ಒಡೆಯಿತು. ಇದರಿಂದ ಹೊರಡುವ ಸಿದ್ಧಾಂತವನ್ನು ಸೂತ್ರರೂಪದಲ್ಲಿ ಹೇಳಬಹುದು: ಓದುಗ ಸಾವನ್ನು ಕ್ಷಮಿಸುತ್ತಾನೆ, ಸಂಸಾರವನ್ನು ಕ್ಷಮಿಸುವುದಿಲ್ಲ.

ಈ ಕ್ರೋಧಕ್ಕೆ ಪ್ರಭೇದಗಳುಂಟು. ನಾಮಖಂಡನವಾದಿಗಳು ಹ್ಯಾರಿಯ ಎರಡನೆಯ ಮಗನ ಹೆಸರು ಹಿಡಿದು ಕೂತವರು. ಆಲ್ಬಸ್ ಸೆವೆರಸ್! ಆರು ವರ್ಷ ತರಗತಿಯಲ್ಲಿ ತನ್ನನ್ನು ಹಿಂಡಿ ಹಿಪ್ಪೆ ಮಾಡಿದ ಮೇಷ್ಟರ ಹೆಸರನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಯಾವ ತಂದೆ ಇಡುತ್ತಾನೆ? ಆ ಮೇಷ್ಟರೇ ಆದ ಸ್ನೇಪ್ ಒಳಗೊಳಗೆ ಹ್ಯಾರಿಯ ಪರವಾಗಿದ್ದರು ಎಂಬ ಉತ್ತರಪಕ್ಷ ಇದೆ. ಇರಲಿ, ಹ್ಯಾಗ್ರಿಡ್ ಹೊರಗೂ ಒಳಗೂ ಪರವಾಗಿದ್ದನಲ್ಲ, ಅವನ ಹೆಸರೇಕೆ ಬೇಡವಾಯಿತು ಎಂದು ಪೂರ್ವಪಕ್ಷಿಗಳು ಕೇಳಿದಾಗ ಉತ್ತರಪಕ್ಷ ಗಂಟಲು ಸರಿಮಾಡಿಕೊಳ್ಳುತ್ತದೆ.

ಲೋಪವಾದಿಗಳದ್ದು ಹೆಚ್ಚು ಸೂಕ್ಷ್ಮವಾದ ಪಂಥ. ಇವರು ಅನುಪಲಬ್ಧಿಯನ್ನು ಪ್ರಮಾಣವಾಗಿ ಒಪ್ಪುವವರು, ಇಲ್ಲದ್ದನ್ನೇ ಸಾಕ್ಷಿ ಮಾಡುವವರು. ಫ್ರೆಡ್ ಸತ್ತ ಮೇಲೆ ಅವನ ಅವಳಿ ಜಾರ್ಜ್ ಹೇಗಿದ್ದಾನೆ? ಉಪಸಂಹಾರದಲ್ಲಿ ಅವನ ಸುಳಿವೇ ಇಲ್ಲ. ಹ್ಯಾರಿ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ? ಅದೂ ಇಲ್ಲ. ನೆವಿಲ್ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದಾನೆ ಎಂದಷ್ಟೇ ಗೊತ್ತಾಗುತ್ತದೆ. ಉಳಿದದ್ದನ್ನು ಲೇಖಕಿ ರೋಲಿಂಗ್ ಪುಸ್ತಕ ಮುಗಿದ ಮೇಲೆ ಸಂದರ್ಶನಗಳಲ್ಲಿ ತುಂಬಿಸತೊಡಗಿದರು. ಮೂಲಗ್ರಂಥಕ್ಕೆ ಕರ್ತೃವೇ ಟೀಕೆ ಬರೆಯುವ ಈ ಪದ್ಧತಿಗೆ ನಮ್ಮಲ್ಲಿ ಸ್ವೋಪಜ್ಞ ವ್ಯಾಖ್ಯಾನ ಎನ್ನುತ್ತಾರೆ. ಅಕ್ಟೋಬರ್ 2007ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ ಸಲಿಂಗಪ್ರೇಮಿ ಎಂಬ ವ್ಯಾಖ್ಯಾನ ಬಂತು. 2014ರಲ್ಲಿ, ರಾನ್ ಮತ್ತು ಹರ್ಮಯನಿಯನ್ನು ಸೇರಿಸಿದ್ದು ಕಥೆಯ ಒತ್ತಾಯಕ್ಕಿಂತ ತಮ್ಮ ಸ್ವಂತ ಕಾರಣಕ್ಕೆ ಎಂಬ ಅರ್ಥದ ಮಾತು ಬಂತು, ಅದೂ ಹರ್ಮಯನಿಯಾಗಿ ನಟಿಸಿದ ಎಮ್ಮಾ ವಾಟ್ಸನ್ ಎದುರಿಗೆ. ಹ್ಯಾರಿಗೆ ಹರ್ಮಯನಿಯೇ ಸರಿ ಎಂದು ಒಂಬತ್ತು ವರ್ಷದ ಹಿಂದೆ ವಾದಿಸಿ ಹುಚ್ಚರೆನಿಸಿಕೊಂಡಿದ್ದ ಜೋಡಿವಾದಿಗಳು ಆ ದಿನ ಹಬ್ಬದಡುಗೆ ಮಾಡಿರಬೇಕು.

ತಿಥಿಯ ವಿಷಯಕ್ಕೂ ಇಲ್ಲಿ ಜಾಗವಿದೆ. ಹಾಗ್‌ವಾರ್ಟ್ಸ್ ಎಂಬ ಹ್ಯಾರಿಯ ಶಾಲೆಯಲ್ಲಿ ಕಥೆಯ ಕೊನೆಯ ಯುದ್ಧ ನಡೆದದ್ದು ಮೇ 2ರಂದು. 2015ರಿಂದ ರೋಲಿಂಗ್ ಆ ದಿನ ಟ್ವಿಟರ್‌ನಲ್ಲಿ ಒಂದೊಂದು ಸಾವಿಗೆ ಕ್ಷಮೆ ಕೇಳತೊಡಗಿದರು: ಮೊದಲು ಫ್ರೆಡ್, ಆಮೇಲೆ ಲೂಪಿನ್, 2017ರಲ್ಲಿ ಸ್ನೇಪ್, ಮರುವರ್ಷ ಡಾಬಿ. ಎಡೆ ಇಡುವುದೊಂದೇ ಬಾಕಿ. ಓದುಗರು ಅದನ್ನೂ ಬಿಡಲಿಲ್ಲ. ವೇಲ್ಸ್‌ನ ಫ್ರೆಶ್‌ವಾಟರ್ ವೆಸ್ಟ್ ಎಂಬ ಕಡಲತೀರದಲ್ಲಿ ಸಿನಿಮಾದ ಡಾಬಿಯನ್ನು ಹೂಳುವ ದೃಶ್ಯ ಚಿತ್ರೀಕರಿಸಿದ್ದರು. ಜನ ಅಲ್ಲಿಗೆ ಹೋಗಿ ಬಣ್ಣ ಬಳಿದ ಕಲ್ಲು ಪೇರಿಸಿ, ಪಕ್ಕದಲ್ಲಿ ಕಾಲುಚೀಲ ಇಟ್ಟು ಬರತೊಡಗಿದರು (ಕಾಲುಚೀಲ ಸಿಕ್ಕಿದ್ದರಿಂದಲೇ ಡಾಬಿಗೆ ಜೀತದಿಂದ ಬಿಡುಗಡೆ). ತೀರವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ 2022ರಲ್ಲಿ ಗಂಭೀರವಾಗಿ ವಿಚಾರಣೆ ನಡೆಸಿ ತೀರ್ಪು ಕೊಟ್ಟಿತು: ಸಮಾಧಿ ಇರಬಹುದು, ಕಾಲುಚೀಲ ಬೇಡ, ಕಡಲಜೀವಿಗಳಿಗೆ ಅಪಾಯ. ಹುಟ್ಟದವನ ಶ್ರಾದ್ಧದಿಂದ ಹುಟ್ಟಿದ ಮೀನುಗಳಿಗೆ ತೊಂದರೆಯಾದ ಇನ್ನೊಂದು ದೃಷ್ಟಾಂತ ಪ್ರಬಂಧಕಾರನ ಗಮನಕ್ಕೆ ಬಂದಿಲ್ಲ.

ಎಲ್ಲಕ್ಕಿಂತ ಎತ್ತರದಲ್ಲಿರುವವರು ಅದ್ವೈತಿಗಳು. ‘ಎಪಿಲಾಗಾ? ಯಾವ ಎಪಿಲಾಗ್?’ ಎಂಬುದು ಇವರ ಮಹಾವಾಕ್ಯ. ಮೂವತ್ತಾರು ಅಧ್ಯಾಯಗಳು ಸತ್ಯ, ಆಮೇಲಿನದು ಮಿಥ್ಯೆ. ಕತ್ತಲಲ್ಲಿ ಹಗ್ಗವನ್ನು ಹಾವೆಂದಂತೆ, ನಿದ್ದೆಗೆಟ್ಟ ಓದುಗ ಖಾಲಿ ಹಾಳೆಯ ಮೇಲೆ ಮಕ್ಕಳನ್ನೂ ಟ್ರಂಕುಗಳನ್ನೂ ಕಂಡಿದ್ದಾನೆ. ಈ ದರ್ಶನದ ತಳಹದಿಯ ಮೇಲೆ ಅಭಿಮಾನಿಗಳು ಎಷ್ಟೋ ಕಥೆ ಬರೆದು, ಬೇಕಾದವರಿಗೆ ಬೇಕಾದವರನ್ನು ಮದುವೆ ಮಾಡಿಸಿದ್ದಾರೆ.

ಇದನ್ನು ಎಳಸು ಹುಡುಗಾಟ ಎನ್ನುವವರು ಪಂಪನನ್ನು ಓದಿಲ್ಲ. ವ್ಯಾಸರು ದ್ರೌಪದಿಯನ್ನು ಐವರಿಗೆ ಕೊಟ್ಟರು. ಪಂಪ ಒಪ್ಪದೆ ಅರ್ಜುನನೊಬ್ಬನಿಗೇ ಮದುವೆ ಮಾಡಿದ. ಮುಗಿತಾಯವೂ ಅವನಿಗೆ ಹಿಡಿಸಲಿಲ್ಲ, ಪಟ್ಟವನ್ನು ಅರ್ಜುನನಿಗೆ ಕಟ್ಟಿ ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ರನ್ನ ಬಂದವನು ಅದನ್ನೂ ತಿದ್ದಿ ಭೀಮನನ್ನು ಸಿಂಹಾಸನಕ್ಕೆ ಏರಿಸಿದ. ಗದುಗಿನ ನಾರಣಪ್ಪ ಇನ್ನೂ ಜಾಣ, ಗದಾಪರ್ವದ ಹತ್ತಿರ ಲೇಖನಿ ಕೆಳಗಿಟ್ಟ. ಮಹಾಪ್ರಸ್ಥಾನ, ಸ್ವರ್ಗಾರೋಹಣಗಳ ಉಪಸಂಹಾರವೇ ಬೇಡ ಎಂದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಸ್ಥಾನದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಬೇಕಾಯಿತು. ಇಂದು ನಾರಣಪ್ಪನ ಭಾರತ ಗಮಕಿಗಳ ಬಾಯಲ್ಲಿದೆ, ತಿಮ್ಮಣ್ಣನದನ್ನು ಪರೀಕ್ಷೆಗೆ ಕೂರುವವರು ಓದುತ್ತಾರೆ. ಉಪಸಂಹಾರ ಬರೆದವನ ಗತಿ ಎಲ್ಲ ಕಾಲದಲ್ಲೂ ಒಂದೇ.

ರೋಲಿಂಗ್ ಅವರಿಗೂ ನ್ಯಾಯ ಒದಗಿಸಬೇಕು. ಕಡೆಯ ಅಧ್ಯಾಯವನ್ನು ಬಹಳ ಮೊದಲೇ ಬರೆದು ಭದ್ರವಾಗಿಟ್ಟಿದ್ದಾಗಿ ಅವರು ಹೇಳಿಕೊಂಡಿದ್ದರು. ಕ್ರೋಧದ ನಿಜವಾದ ಬೀಜ ಇಲ್ಲಿರಬೇಕು ಎಂಬುದು ಪ್ರಬಂಧಕಾರನ ಗುಮಾನಿ. ಆ ಸುಖಾಂತವನ್ನು ಯೋಚಿಸಿದ್ದು ಹನ್ನೊಂದರ ಹುಡುಗನಿಗೆ. ಕೈಗೆ ಸಿಕ್ಕಿದ್ದು ಇಪ್ಪತ್ತೊಂದರವನಿಗೆ. ಆಗಷ್ಟೇ ಕೆಲಸ ಹುಡುಕುತ್ತಿದ್ದ ಅವನಿಗೆ ಅಪ್ಪನ ಹಾಗೆ ಆಗುವುದೇ ಕಥೆಯ ಕೊನೆ ಎಂದು ಯಾರಾದರೂ ತೋರಿಸಿದರೆ ಹೇಗಿದ್ದೀತು? ಸಿನಿಮಾದವರಿಗೂ ಈ ಉಪಸಂಹಾರ ಬಗ್ಗಲಿಲ್ಲ. ಕಿಂಗ್ಸ್ ಕ್ರಾಸ್‌ನಲ್ಲಿ ಚಿತ್ರೀಕರಿಸಿದ ದೃಶ್ಯದಲ್ಲಿ ನಟರ ಮುಪ್ಪು ನಂಬುವಂತೆ ಕಾಣದೆ, ಲೀವ್ಸ್‌ಡನ್ ಸ್ಟುಡಿಯೊದಲ್ಲಿ ಮತ್ತೊಮ್ಮೆ ಮೇಕಪ್ ಬಳಿದು ಚಿತ್ರೀಕರಿಸಿದರು.

ಕಥೆಯ ಲೆಕ್ಕದಲ್ಲಿ ಆ ಹತ್ತೊಂಬತ್ತು ವರ್ಷ ತುಂಬಿದ್ದು 2017ರ ಸೆಪ್ಟೆಂಬರ್ 1ಕ್ಕೆ. ಅಂದು ಕಿಂಗ್ಸ್ ಕ್ರಾಸ್‌ನಲ್ಲಿ ಜಾತ್ರೆಯಷ್ಟು ಜನ ಸೇರಿ, ಬಾರದ ರೈಲಿಗೆ ಹನ್ನೊಂದು ಗಂಟೆಗೆ ಕಾದರು. ಹತ್ತು ವರ್ಷ ಉಪಸಂಹಾರವನ್ನು ಬೈದವರೂ ಅಲ್ಲಿ ಇದ್ದಿರಲೇಬೇಕು, ಕೆಲವರ ಕಂಕುಳಲ್ಲಿ ಮಗುವೂ.

ಅವರ ಮನಸ್ಸು ತಿರುಗಲು ಬಲವಾದ ಕಾರಣ ಅದಕ್ಕೆ ಒಂದು ವರ್ಷ ಮೊದಲೇ ಒದಗಿತ್ತು. 2016ರ ಜುಲೈನಲ್ಲಿ ಲಂಡನ್ನಿನ ರಂಗಭೂಮಿಗೆ ಮುಂದಿನ ಕಥೆಯ ನಾಟಕ ಬಂತು. ಶುರುವಾಗುವುದೇ ಆ ನಿಲ್ದಾಣದ ದೃಶ್ಯದಿಂದ. ನಾಟಕದ ಪಠ್ಯ ಓದಿದ ಅನೇಕರು ಇದು ಪ್ರಕ್ಷಿಪ್ತ, ಅಪ್ರಮಾಣ ಎಂದು ಘೋಷಿಸಿದರು, ಕಥೆ ಉಪಸಂಹಾರದಲ್ಲೇ ಚೆನ್ನಾಗಿ ಮುಗಿದಿತ್ತಲ್ಲ ಎಂದು ವಾದಿಸಿದರು. ಅದ್ವೈತಿಗಳು ರಾತ್ರೋರಾತ್ರಿ ದ್ವೈತಿಗಳಾದರು. ಏಳೂ ಪುಸ್ತಕಗಳನ್ನು ಹೊಸದಾಗಿ ಟೀವಿ ಸರಣಿ ಮಾಡುವುದಾಗಿ 2023ರಲ್ಲಿ ಪ್ರಕಟವಾಯಿತು, ಹತ್ತು ವರ್ಷದ ಯೋಜನೆಯಂತೆ. ಅದರ ಕಡೆಯ ಕಂತಿನ ದಿನ ಕ್ಷೇತ್ರಕಾರ್ಯ ನಡೆಸಲು ಪ್ರಬಂಧಕಾರನಿಗೆ ಕಿಂಗ್ಸ್ ಕ್ರಾಸ್‌ಗೆ ಹೋಗಿಬರುವ ವಿಮಾನದ ಖರ್ಚು, ಊಟ ವಸತಿ ಮತ್ತು ಒಂದು ಜೊತೆ ಕಾಲುಚೀಲ ಬೇಕಾಗುತ್ತದೆ. ಅನುದಾನದ ಅರ್ಜಿಯನ್ನು ಈ ಪ್ರಬಂಧದ ಜತೆಗೇ ಲಗತ್ತಿಸಿದೆ.