ಮದ್ದಲೆ ಎಲ್ಲಿ ಹೋಯ್ತು ಭಾವ?

ಎಂತ ಭಾವ, ಕಾರಿನ ನಾಲ್ಕೂ ಬಾಗಿಲು ತೆಗೆದಿಟ್ಟು ಯಕ್ಷಗಾನದ ಪದ್ಯ ಹಾಕಿದ್ಯಲ್ಲ, ದಣಪೆ ದಾಟಿ ನಮ್ಮ ಅಡುಗೆಮನೆವರೆಗೂ ಬಂತು. ಬಂದದ್ದು ಬರೀ ಧಡ್ ಧಡ್. ಭಾಗವತರು ಬಾವಿಯೊಳಗೆ ಕೂತು ಹಾಡಿದ ಹಾಗೆ! ಮದ್ದಲೆಯಂತೂ ಪತ್ತೆಯೇ ಇಲ್ಲ.

ಈ ಸ್ಪೀಕರು ಕುಮಟೆಯಲ್ಲಿ ಹಾಕಿಸಿದ್ದಾ? ಜೆಬಿಎಲ್ಲೋ ಇನ್ಫಿನಿಟಿಯೋ ಅಂತ ಅಂಗಡಿಯಲ್ಲಿ ನಿಂತು ತಲೆ ಕೆಡಿಸಿಕೊಂಡೆ ಅಂದ್ಯಲ್ಲ, ನನಗೆ ನಗು ಬಂದದ್ದು ಅದಕ್ಕೇ. ಎರಡಕ್ಕೂ ಯಜಮಾನ ಒಬ್ಬನೇ ಮಾರಾಯಾ. ಜೇಮ್ಸ್ ಲ್ಯಾನ್ಸಿಂಗ್ ಅನ್ನುವವ 1946ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಜೆಬಿಎಲ್ 1969ರಲ್ಲಿ ಹರ್ಮನ್‌ನವರ ಕೈಸೇರಿತು. ಇನ್ಫಿನಿಟಿಯೂ ಆಮೇಲೆ ಅಲ್ಲಿಗೇ ಬಂತು. 2017ರಲ್ಲಿ ಸ್ಯಾಮ್ಸಂಗಿನವರು ಹರ್ಮನ್ ಕಂಪನಿಯನ್ನೇ ಕೊಂಡುಕೊಂಡರು. ನಿಮ್ಮನೆ ಫ್ರಿಜ್ಜಿನವರೇ ನಿನ್ನ ಕಾರಿಗೂ ಒಡೆಯರು!

ಪೆಟ್ಟಿಗೆ ಮೇಲೆ 300 ವ್ಯಾಟ್ ಅಂತ ಇದೆಯಾ? ಇರಲಿ, ಅದು ಕಣ್ಣುಮುಚ್ಚಿ ತೆಗೆಯುವಷ್ಟು ಹೊತ್ತು ಮಾತ್ರ ತಡೆದುಕೊಳ್ಳುವ ಲೆಕ್ಕ. ಸಣ್ಣಕ್ಷರದಲ್ಲಿ ಆರ್‌ಎಂಎಸ್ ಅಂತ ನಿರಂತರದ ಲೆಕ್ಕ ಬರೆದಿರುತ್ತದೆ, ಅದನ್ನು ಓದು. ಇನ್ನು ಆ ಸ್ಟೀರಿಯೊ ಮೇಲೆ '50 ವ್ಯಾಟ್ ಇಂಟು 4' ಅಂತ ಬರೆದದ್ದೂ ಅಂಥದ್ದೇ. ಎಂಜಿನ್ ಓಡುವಾಗ ಸಿಗುವ 14 ವೋಲ್ಟ್, 4 ಓಮಿನ ಸ್ಪೀಕರು, ಇದರಲ್ಲಿ ಒಂದೊಂದಕ್ಕೆ ನಿರಂತರ 20 ವ್ಯಾಟ್ ಬಂದರೆ ಹೆಚ್ಚು. ಅದಕ್ಕೇ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟಿಗೆ ಎಷ್ಟು ಗಟ್ಟಿ ಕೇಳುತ್ತದೆ ಅಂತ ನೋಡಬೇಕು ಅನ್ನುವುದು. ಅದರಲ್ಲಿ 3 ಡೆಸಿಬೆಲ್ ಹೆಚ್ಚಿದ್ದರೆ ವ್ಯಾಟ್ ದುಪ್ಪಟ್ಟು ಮಾಡಿದ ಲಾಭ, ಅದೂ ಪುಕ್ಕಟೆ.

ಭಟ್ಕಳದ ಫಾರಿನ್ ಸಾಮಾನಿನ ಕಾಲವೇ ಬೇರೆ. ದುಬೈಯಿಂದ ಬಂದವರು ತಂದ ನ್ಯಾಷನಲ್ ಪ್ಯಾನಸೋನಿಕ್ ಟೂ-ಇನ್-ವನ್ ಕಂಡರೆ ಕಂಪನಿ ಹೋಲಿಸುವ ಮಾತೇ ಇರಲಿಲ್ಲ. 'ಫಾರಿನ್' ಅಂದರೆ ಮುಗೀತು. ಅದರಲ್ಲಿ ಬಾಸ್ ಇರಲಿಲ್ಲ, ಒಪ್ಪಿದೆ. ಆದರೆ ಕಡತೋಕಾ ಮಂಜುನಾಥ ಭಾಗವತರ ಪದ್ಯದ ಅಕ್ಷರ ಅಕ್ಷರ ಬಿಡಿಸಿ ಕೇಳುತ್ತಿತ್ತು.

ನಮ್ಮ ಕಡೆ ಇನ್ನೊಂದು ಪೀಡೆ ಈ ಹವೆ. ನಮ್ಮ ಜಗಲಿಯ ಸ್ಪೀಕರಿನ ಜಾಳಿಗೆ ತೆಗೆದು ಅಂಚಿನ ಫೋಮು ಮುಟ್ಟಿದೆ ನೋಡು, ಪುಡಿಪುಡಿಯಾಗಿ ಬೆರಳಿಗೇ ಅಂಟಿಕೊಂಡಿತು. ಹಿಂದೆ ತಂತಿ ಸಿಕ್ಕಿಸುವಲ್ಲಿ ಹಸಿರು ಕಿಲುಬು. ಕಂಪನಿಯನ್ನು ಬೈದು ಏನು ಮಾಡುವುದು? ಫೋಮಿಗೆ ಮಳೆಗಾಲದ ಥಂಡಿ ಆಗಿಬರುವುದಿಲ್ಲ. ಹಾಗಾಗಿ ಹೊನ್ನಾವರ, ಕುಮಟೆಯಲ್ಲಿ ಸ್ಪೀಕರು ಕೊಳ್ಳುವವ ಹೆಸರು ಕೇಳುವ ಮೊದಲು ಅಂಚು ಒತ್ತಿ ನೋಡಬೇಕು. ರಬ್ಬರ್ ಅಂಚು, ಪ್ಲಾಸ್ಟಿಕ್ ಕೋನು ಇದ್ದರೆ ಜೀವ ಗಟ್ಟಿ. ಆಷಾಢದಲ್ಲಿ ಶೀಟಿನ ಮೇಲೆ ಮಳೆ ಸುರಿಯುವಾಗ ಹೇಗೂ ಯಾವ ಕಂಪನಿಯದೂ ಕೇಳುವುದಿಲ್ಲ ಬಿಡು.

ಹಾಂ, ಕಾರಿನ ಹಳೇ ಜೋಡಿಯನ್ನು ಮನೆ ಆಂಪ್ಲಿಫೈಯರಿಗೆ ಸಿಕ್ಕಿಸುತ್ತೇನೆ ಅಂದ್ಯಲ್ಲ, ಆಂಪ್ಲಿಫೈಯರಿನ ಹಿಂದೆ ಓದಿ ನೋಡು. 8 ಓಮ್ ಅಂತ ಮಾತ್ರ ಇದ್ದರೆ ಬೇಡ. ಕಾರಿನದು 4 ಓಮ್, ಕರೆಂಟು ಹೆಚ್ಚು ಎಳೆದು ಆಂಪ್ಲಿಫೈಯರು ಕಾದು ಕೂರುತ್ತದೆ.

ನನ್ನ ಕೇಳಿದರೆ, ಪರೀಕ್ಷೆಗೆ ಸಿನಿಮಾ ಹಾಡು ಹಾಕಲೇಬಾರದು. ಕೆರೆಮನೆ ಶಂಭು ಹೆಗಡೆಯವರ ಮಾತು ಹಾಕು, ಆಮೇಲೆ ಒಂದು ಏರು ಪದ್ಯ. ಚಂಡೆ ಯಾವ ಡಬ್ಬಿಯಲ್ಲೂ ಕೇಳುತ್ತದೆ. ಅದರ ಅಡಿಯಲ್ಲಿ ಮದ್ದಲೆಯ ಪೆಟ್ಟು ಬೇರೆ, ನಾದ ಬೇರೆ ಅಂತ ಗೊತ್ತಾದರೆ ದುಡ್ಡು ಕೊಡು.

ಈಗ ಹೋಗಿ ಬಾಸ್ ಸೊನ್ನೆಗೆ ಇಳಿಸಿ ಅದೇ ಪದ್ಯ ಇನ್ನೊಮ್ಮೆ ಹಾಕು. ನಾನು ಇಲ್ಲೇ ನಿಂತಿರ್ತೇನೆ.