ರೇಸ್‌ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರು ರೇಸ್‌ರಾಯರು ಸಿಗುತ್ತಾರೆ. ಭಾನುವಾರದ ಆರತಕ್ಷತೆಗೆ ಕರೆದರೆ ಮದುವೆ ಯಾರದು ಎಂದು ಕೇಳುವ ಮೊದಲೇ ಫೋನಿನಲ್ಲಿ ಕ್ಯಾಲೆಂಡರ್ ತೆಗೆಯುವವರೇ ಅವರು. ಫಾರ್ಮುಲಾ ಒನ್ ರೇಸು ಯುರೋಪಿನಲ್ಲಿದ್ದರೆ ನಮಗೆ ಸಂಜೆ ಆರೂವರೆ. ಮುಗಿಸಿಕೊಂಡು ಊಟದ ಕೊನೆಯ ಪಂಕ್ತಿಗೆ ತಲುಪಬಹುದು. ಬ್ರೆಜಿಲ್ ಆದರೆ ರಾತ್ರಿ ಹತ್ತೂವರೆ. ಊಟ ಮುಗಿಸಿ ಐಸ್‌ಕ್ರೀಮ್ ಬಿಟ್ಟು ಓಡಬೇಕು. ಆಸ್ಟ್ರೇಲಿಯಾ, ಜಪಾನ್ ಆದರೆ ಮುಹೂರ್ತಕ್ಕೇ ಕುತ್ತು. ನಾನು ಬಲ್ಲ ರಾಯರು ಸ್ವಂತ ತಂಗಿಯ ಮಗನ ಉಪನಯನದ ದಿನ ಮಾತೃಭೋಜನದ ಹೊತ್ತಿಗೆ ಕಾಣೆಯಾಗಿದ್ದರು. ಹುಡುಕಿದರೆ ಛತ್ರದ ಮ್ಯಾನೇಜರ್ ಕೋಣೆಯ ಟಿವಿ ಮುಂದೆ, ರೇಷ್ಮೆ ಪಂಚೆ ಉಟ್ಟು, ಮೆಲ್ಬರ್ನ್‌ನಲ್ಲಿದ್ದರು. ಆ ಹುಡುಗ ಮುಂದೆ ಮ್ಯಾಕ್ಸ್ ವರ್ಸ್ಟಾಪನ್‌ನ ಭಕ್ತನಾದದ್ದಕ್ಕೆ ಇದೇ ಕಾರಣವೆಂದು ಮನೆಯವರೆಲ್ಲರ ಅಭಿಪ್ರಾಯ.

ವೃತ್ತಿಯಲ್ಲಿ ರಾಯರು ಬ್ಯಾಂಕಿನ ಆಡಿಟರ್. ವೇಗಕ್ಕೂ ಅವರಿಗೂ ಅಷ್ಟಕ್ಕಷ್ಟೆ. ಸ್ಕೂಟರ್ ನಲವತ್ತು ದಾಟಿದರೆ ಹ್ಯಾಂಡಲ್ ನಡುಗುತ್ತದೆ ಎನ್ನುತ್ತಾರೆ. ನಡುಗುವುದು ಹ್ಯಾಂಡಲ್ಲೋ ರಾಯರೋ ಎಂಬುದನ್ನು ಹಿಂದೆ ಕೂತ ಅವರ ಶ್ರೀಮತಿಯವರೇ ಹೇಳಬೇಕು. ಆ ಸ್ಕೂಟರಿನ ಹಿಂದಿನ ಟೈರಿನಲ್ಲಿ ಗೆರೆ ಕಂಡು ಯಾವ ಕಾಲವಾಯಿತೋ. ಆದರೆ ಲೂಯಿಸ್ ಹ್ಯಾಮಿಲ್ಟನ್‌ನ ಎಡಬದಿಯ ಮುಂದಿನ ಟೈರು ಇನ್ನೆಷ್ಟು ಸುತ್ತು ಬಾಳುತ್ತದೆ ಎಂಬುದನ್ನು ಸೋಫಾದಲ್ಲಿ ಕೂತೇ ಹೇಳಬಲ್ಲರು. ಹೇಳುವಾಗ ಎಲ್ಲವೂ ‘ನಾವು’. ‘ನಾವು ಹಾರ್ಡ್ ಟೈರ್ ಹಾಕಿದೀವಿ’, ‘ನಾವು ಈಗ ಪಿಟ್‌ಗೆ ಬರಲ್ಲ.’ ಕರೆಂಟ್ ಬಿಲ್ ಕಟ್ಟುವ ವಿಷಯ ಬಂದಾಗ ಮಾತ್ರ ‘ನೀನು ಕಟ್ಟಿಬಿಡು’.

2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿನಲ್ಲಿ ಭಾರತದ ಮೊದಲ ಗ್ರ್ಯಾನ್ ಪ್ರಿ ನಡೆದಾಗ ರಾಯರು ರೈಲು ಹತ್ತಿ ಹೋಗಿಬಂದರು. ರೇಸು 60 ಸುತ್ತು. ಅವರು ಕೂತ ಜಾಗದಿಂದ ಕಾರು ಸುತ್ತಿಗೆ ಎರಡು ಸೆಕೆಂಡು ಕಾಣುತ್ತಿತ್ತಂತೆ. ಲೆಕ್ಕ ಹಾಕಿದರೆ ಎರಡು ನಿಮಿಷದ ದರ್ಶನಕ್ಕೆ ಹೋಗುವಾಗ ಎರಡು ರಾತ್ರಿ, ಬರುವಾಗ ಎರಡು ರಾತ್ರಿ ರೈಲು. ಈ ಲೆಕ್ಕವನ್ನು ಯಾರಾದರೂ ಅವರೆದುರು ಹಾಕಿದರೆ, ‘ತಿರುಪತೀಲಿ ನಿಮಗೆಷ್ಟು ಹೊತ್ತು ನಿಲ್ಲಕ್ಕೆ ಬಿಡ್ತಾರೆ?’ ಎಂದು ಬಾಯಿ ಮುಚ್ಚಿಸುತ್ತಾರೆ. ಅಲ್ಲಿಯ ಮೊದಲ ಅಭ್ಯಾಸದ ಅವಧಿಯಲ್ಲಿ ಬೀದಿನಾಯಿಯೊಂದು ಟ್ರ್ಯಾಕಿಗೆ ನುಗ್ಗಿ ಎಲ್ಲ ನಿಂತುಹೋದದ್ದನ್ನು ಮಾತ್ರ ಅವರು ಈಗಲೂ ಪ್ರೀತಿಯಿಂದ ನೆನೆಯುತ್ತಾರೆ. ದೇಶದ ಮರ್ಯಾದೆ ಹೋಯಿತು ಎಂದು ಪತ್ರಿಕೆಗಳು ಬರೆದರೆ, ‘ಯೆಲ್ಲೋ ಫ್ಲ್ಯಾಗ್ ತೋರಿಸ್ದಾಗ ಅದು ಮರ್ಯಾದೆಯಾಗಿ ನಿಧಾನ ಮಾಡ್ತು, ಕೆಲವು ಡ್ರೈವರುಗಳಿಗೆ ಅಷ್ಟೂ ಬುದ್ಧಿ ಇರಲ್ಲ’ ಎಂದು ರಾಯರು ನಾಯಿಯ ಪರ ನಿಂತರು.

ಇಂಥವರ ಬಾಳಿಗೆ 2021ರ ಡಿಸೆಂಬರ್ 12 ಬಂತು. 21 ರೇಸು ಮುಗಿದು 22ನೆಯದಕ್ಕೆ ಅಬುಧಾಬಿಯ ಯಾಸ್ ಮರೀನಾದಲ್ಲಿ ಸೇರಿದಾಗ ಹ್ಯಾಮಿಲ್ಟನ್‌ಗೂ ವರ್ಸ್ಟಾಪನ್‌ಗೂ ತಲಾ 369.5 ಅಂಕ. ಕೊನೆಯ ರೇಸಿಗೆ ಇಬ್ಬರು ಹೀಗೆ ಸಮಸಮ ಬಂದದ್ದು 1974ರ ನಂತರ ಅದೇ ಮೊದಲು. ಆ ಅರ್ಧ ಅಂಕ ಬೆಲ್ಜಿಯಂನ ಮಳೆಯ ಪ್ರಸಾದ. ಆಗಸ್ಟ್‌ನಲ್ಲಿ ಸ್ಪಾದಲ್ಲಿ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಹೊರಟು, ಅದನ್ನೇ ರೇಸೆಂದು ಕರೆದು ಅರ್ಧರ್ಧ ಅಂಕ ಹಂಚಿದ್ದರು. ರಾಯರು ಅಂದು ಮೂರು ಗಂಟೆಗೂ ಮೀರಿ ಬೆಲ್ಜಿಯಂನ ಮಳೆಯನ್ನೇ ಕಣ್ಣು ಮಿಟುಕಿಸದೆ ನೋಡಿದ್ದರು. ಅಷ್ಟು ಹೊತ್ತಿನಲ್ಲಿ ಅವರ ಸ್ವಂತ ಬಾಲ್ಕನಿಯಲ್ಲಿ ಒಣಹಾಕಿದ್ದ ಸಂಡಿಗೆ ಏನಾಯಿತೆಂದು ಒಮ್ಮೆಯೂ ಎದ್ದು ನೋಡಲಿಲ್ಲ.

ಡಿಸೆಂಬರ್ ಎಂದರೆ ನಮ್ಮಲ್ಲಿ ಅವರೆಕಾಯಿ. ಟಿವಿ ಮುಂದೆ ಸುಮ್ಮನೆ ಕೂರುವವರಿಗೆ ಆ ಮನೆಯಲ್ಲಿ ರಜೆಯಿಲ್ಲ. ರಾಯರ ಅಮ್ಮ ನೆನೆಸಿದ ಕಾಳಿನ ಪಾತ್ರೆ ತಂದು ಮಗನ ಮುಂದಿಟ್ಟು, ‘ನೋಡ್ತಾ ನೋಡ್ತಾ ಹಿತುಕು’ ಎಂದರು. ಸೋದರಳಿಯನೂ ಬಂದಿದ್ದ. ಹ್ಯಾಮಿಲ್ಟನ್ ಗೆದ್ದರೆ ಎಂಟನೆಯ ಪಟ್ಟ, ಷೂಮಾಕರ್‌ನ ಏಳನ್ನು ದಾಟಿದ ದಾಖಲೆ. ಕೆಂಪು ದೀಪ ಆರಿದ ಕ್ಷಣದಿಂದ ಅವನೇ ಮುಂದೆ. ಮೊದಲ ಸುತ್ತಿನಲ್ಲೇ ವರ್ಸ್ಟಾಪನ್ ಒಳನುಗ್ಗಿದಾಗ ಹ್ಯಾಮಿಲ್ಟನ್ ಟ್ರ್ಯಾಕ್ ಬಿಟ್ಟು ಅಡ್ಡಹಾಯ್ದು ಮತ್ತೆ ಮುಂದೆಯೇ ಬಂದ. ವಿಚಾರಣೆ ಬೇಡವೆಂದು ತೀರ್ಪಾಯಿತು. ‘ಮಾಮ, ಇದು ಮೋಸ’ ಎಂದ ಅಳಿಯ. ‘ತೀರ್ಪು ಅಂದ್ರೆ ತೀರ್ಪು ಕಣೋ, ಗೌರವ ಕೊಡೋದು ಕಲಿ’ ಎಂದರು ರಾಯರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ರಾಯರು ಒಂದೂವರೆ ಗಂಟೆಯಲ್ಲಿ ಮರೆತರು.

58 ಸುತ್ತಿನ ರೇಸಿನಲ್ಲಿ 53ನೇ ಸುತ್ತು. ಹ್ಯಾಮಿಲ್ಟನ್‌ಗೆ ಹನ್ನೊಂದು ಸೆಕೆಂಡಿನ ಆಸುಪಾಸಿನ ಮುನ್ನಡೆ. ರಾಯರು ಆಗಲೇ ಎದ್ದು ಪೇಡದ ಡಬ್ಬಿಯ ಮುಚ್ಚಳ ಸಡಿಲಿಸಿದ್ದರು. ಅಷ್ಟರಲ್ಲಿ ಹಿಂದೆಲ್ಲೋ ಓಡುತ್ತಿದ್ದ ನಿಕೊಲಸ್ ಲತೀಫಿಯ ವಿಲಿಯಮ್ಸ್ ಕಾರು ಗೋಡೆಗೆ ಹೋಗಿ ತಾಗಿತು. ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರು ಬಂತು, ಮುನ್ನಡೆ ಕರಗಿತು. ವರ್ಸ್ಟಾಪನ್ ಪಿಟ್‌ಗೆ ಹೋಗಿ ಹೊಸ ಸಾಫ್ಟ್ ಟೈರು ತೊಟ್ಟು ಬಂದ. ಹ್ಯಾಮಿಲ್ಟನ್ 14ನೇ ಸುತ್ತಿನಲ್ಲಿ ಹಾಕಿದ್ದ ಹಾರ್ಡ್ ಟೈರಿನಲ್ಲೇ ಉಳಿದ. ‘ವಿಲಿಯಮ್ಸ್‌ನವರು ನಮ್ಮ ಮರ್ಸಿಡಿಸ್ ಇಂಜಿನ್ನೇ ಹಾಕ್ಕೊಂಡು ನಮಗೇ ಬತ್ತಿ ಇಟ್ರಲ್ಲೋ’ ಎಂದು ರಾಯರು ಗೋಳಾಡಿದರು. ಅಷ್ಟಕ್ಕೇ ನಿಂತರು ಎಂಬುದು ಅವರ ದೊಡ್ಡತನ. ಜಗತ್ತಿನ ಬೇರೆ ಬೇರೆ ಮೂಲೆಯ ಅಭಿಮಾನಿಗಳು ಲತೀಫಿಗೆ ಕೊಲೆ ಬೆದರಿಕೆಯನ್ನೇ ಹಾಕಿದರು. ಗೋಡೆಗೆ ತಾಗಿಸಿಕೊಂಡು ತನ್ನದೇ ರೇಸು ಕಳೆದುಕೊಂಡವನಿಗೆ! ಇಂಥವರನ್ನು ಹಾಸ್ಯಕ್ಕೆ ಎಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಹ್ಯಾಮಿಲ್ಟನ್, ವರ್ಸ್ಟಾಪನ್ ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದಿದ್ದ ಐದು ಕಾರುಗಳಿದ್ದವು. ಅವನ್ನು ಮುಂದೆ ಹೋಗಲು ಬಿಡುವುದಿಲ್ಲ ಎಂಬ ಸಂದೇಶ ಮೊದಲು ಬಂತು. ಆಮೇಲೆ ರೇಸ್ ಡೈರೆಕ್ಟರ್ ಮೈಕೆಲ್ ಮಾಸಿ ಆ ಐದನ್ನು ಮಾತ್ರ ಬಿಟ್ಟು, ಸೇಫ್ಟಿ ಕಾರನ್ನೂ ಒಳಗೆ ಕರೆಸಿ, ಒಂದೇ ಒಂದು ಸುತ್ತಿನ ರೇಸು ನಡೆಸಿದರು. ಐದನೇ ತಿರುವಿನಲ್ಲಿ ವರ್ಸ್ಟಾಪನ್ ಮುಂದೆ ಹೋದ. ಮುಗಿಯಿತು. ಅಂತಿಮ ಲೆಕ್ಕ 395.5, 387.5. ಅಳಿಯ ಸೋಫಾದ ಮೇಲೆ ಹತ್ತಿ ಕುಣಿಯುತ್ತಿದ್ದ. ರಾಯರ ಕೈ ಮಾತ್ರ ಯಂತ್ರದಂತೆ ಆಡುತ್ತಿತ್ತು: ಸಿಪ್ಪೆ ಪಾತ್ರೆಗೆ, ಹಿತುಕಿದ ಕಾಳು ಕಸಕ್ಕೆ.

ನಿಜವಾದ ರೇಸ್‌ರಾಯರು ಹುಟ್ಟುವುದು ಬಾವುಟ ಬಿದ್ದ ಮೇಲೆ. ಆ ರಾತ್ರಿ ಹ್ಯಾಮಿಲ್ಟನ್‌ನ ತಂಡ ಮರ್ಸಿಡಿಸ್ ಎರಡು ದೂರು ಕೊಟ್ಟಿತು. ತೀರ್ಪು ಬರುವ ಹೊತ್ತಿಗೆ ಬೆಂಗಳೂರಿನಲ್ಲಿ ಮಧ್ಯರಾತ್ರಿ ಕಳೆದಿತ್ತು. ರಾಯರು ಎಚ್ಚರವಾಗಿದ್ದರು. ನಿಯಮಾವಳಿಯನ್ನು ಇಳಿಸಿಕೊಂಡು, ಪ್ರಿಂಟ್ ತೆಗೆದು, ಹಸಿರು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು. ಕಲಂ 48.12ರ ಪ್ರಕಾರ ಹಿಂದುಳಿದ ಕಾರುಗಳು ಮುಂದೆ ಹೋದಮೇಲೆ ಸೇಫ್ಟಿ ಕಾರು ಒಳಬರಬೇಕಾದದ್ದು ಅದರ ಮುಂದಿನ ಸುತ್ತಿನ ಕೊನೆಗೆ. ಹಾಗೆ ಮಾಡಿದ್ದರೆ ರೇಸು ಅದರ ಹಿಂದೆಯೇ ಮುಗಿಯುತ್ತಿತ್ತು, ಪಟ್ಟ ಹ್ಯಾಮಿಲ್ಟನ್‌ಗೆ. ಆದರೆ ಸೇಫ್ಟಿ ಕಾರಿನ ಮೇಲೆ ಡೈರೆಕ್ಟರಿಗೇ ಅಧಿಕಾರ ಎನ್ನುವ ಕಲಂ 15.3 ಎತ್ತಿಹಿಡಿದು ತೀರ್ಪುಗಾರರು ಈ ದೂರನ್ನು ತಳ್ಳಿಹಾಕಿದರು, ಇನ್ನೊಂದೂ ಬಿದ್ದುಹೋಯಿತು. ‘ಮ್ಯಾನೇಜರಿಗೆ ಅಧಿಕಾರ ಇದೆ ಅಂತ ಲಾಕರ್ ಕೀಲಿ ಮನೆಗೆ ತಗೊಂಡು ಹೋಗಬಹುದಾ?’ ಎಂದು ರಾಯರು ಒಂದು ವಾರ ಕಂಡಕಂಡವರನ್ನು ಕೇಳಿದರು. ಮೂರನೇ ಮಹಡಿಯ ಹುಡುಗನೊಬ್ಬ ಬೆಂಗಳೂರಿನ ಮರ್ಸಿಡಿಸ್ ಬೆಂಜ್ ಸಂಶೋಧನಾ ಕೇಂದ್ರದಲ್ಲಿ ಸಾಫ್ಟ್‌ವೇರ್ ಬರೆಯುವವ. ಅವನನ್ನು ಲಿಫ್ಟಿನಲ್ಲಿ ಹಿಡಿದು, ‘ಅಲ್ರೀ, ಪಿಟ್‌ಗೆ ಯಾಕ್ರೀ ಕರೀಲಿಲ್ಲ ನೀವು?’ ಎಂದು ತರಾಟೆಗೆ ತೆಗೆದುಕೊಂಡರು. ಆ ಹುಡುಗ ಈಗಲೂ ಮೆಟ್ಟಿಲು ಹತ್ತಿಯೇ ಹೋಗುತ್ತಾನೆ.

ಈ ವಾದವೆಲ್ಲ ಕೇಳಿ ಸಾಕಾದ ಅಮ್ಮ ಒಂದು ದಿನ ಊಟದ ಹೊತ್ತಿಗೆ, ‘ಒಟ್ಟು ಎಷ್ಟು ಗಾಡಿ ಹಿಂದೆ ಬಿದ್ದಿದ್ವೋ?’ ಎಂದರು.

‘ಎಂಟಮ್ಮಾ.’

‘ಬಿಟ್ಟಿದ್ದು?’

‘ಐದು.’

‘ಎಂಟು ಎಲೆ ಹಾಕಿ ಐದಕ್ಕೆ ಪಾಯಸ ಬಡಿಸಿ ಬಕೆಟ್ ಎತ್ಕೊಂಡು ಹೋದ ಅನ್ನು. ಪಂಕ್ತಿಭೇದ. ಅಷ್ಟೆ ತಾನೆ? ಅದಕ್ಕ್ಯಾಕೆ ಇಷ್ಟು ಕಾಗದ ಹಾಳು ಮಾಡಿದೆ?’

ರೇಸಿನ ಆಡಳಿತ ಸಂಸ್ಥೆ ಎಫ್‌ಐಎ ಇದೇ ಮಾತು ಹೇಳಲು 2022ರ ಮಾರ್ಚ್‌ವರೆಗೆ ಕಾಲ ತೆಗೆದುಕೊಂಡಿತು. ಮನುಷ್ಯಸಹಜ ತಪ್ಪಾಗಿದೆ, ಉದ್ದೇಶ ಕೆಟ್ಟದ್ದಲ್ಲ, ಫಲಿತಾಂಶ ಬದಲಾಗದು ಎಂದಿತು ವರದಿ. ಅಷ್ಟರಲ್ಲಿ ಮಾಸಿಯವರನ್ನು ಆ ಹುದ್ದೆಯಿಂದ ತೆಗೆದಾಗಿತ್ತು. ಬಿಟ್ಟರೆ ಎಲ್ಲ ಕಾರುಗಳನ್ನೂ ಬಿಡಬೇಕು ಎಂದು ನಿಯಮವೂ ತಿದ್ದುಪಡಿಯಾಯಿತು. ರಾಯರು ವರದಿಯನ್ನು ಫೈಲಿಗೆ ಸೇರಿಸಿದರು. ಅವರ ಮುಖದಲ್ಲಿ ಅಂದು ಕಂಡ ಸಂತೋಷವನ್ನು ಹ್ಯಾಮಿಲ್ಟನ್ ಗೆದ್ದ ಯಾವ ವರ್ಷವೂ ನಾನು ಕಂಡಿಲ್ಲ. ಏಳು ಪಟ್ಟಗಳ ಖುಷಿ ಅವರಿಗೆ ತಲಾ ಒಂದು ಪೇಡದಲ್ಲಿ ಮುಗಿದಿತ್ತು. ಕೈತಪ್ಪಿದ ಎಂಟನೆಯದು ವರ್ಷಗಟ್ಟಲೆ ಊಟ ಹಾಕುತ್ತಿದೆ. ಆಡಿಟರಿಗೆ ಸರಿಯಾಗಿರುವ ಲೆಕ್ಕದಿಂದ ಏನು ಸುಖ?

ಅಳಿಯ ಇಷ್ಟು ವರ್ಷ ಇದನ್ನೆಲ್ಲ ನೋಡಿ ನಗುತ್ತಿದ್ದ. 2025ರ ಡಿಸೆಂಬರ್‌ನಲ್ಲಿ, ಅದೇ ಅಬುಧಾಬಿಯಲ್ಲಿ, ವರ್ಸ್ಟಾಪನ್ ಕೊನೆಯ ರೇಸು ಗೆದ್ದೂ ಪಟ್ಟ ಕಳೆದುಕೊಂಡ. ಲ್ಯಾಂಡೊ ನಾರಿಸ್‌ಗೆ 423, ಇವನಿಗೆ 421. ರೇಸು ಮುಗಿದು ಅರ್ಧ ಗಂಟೆಯೊಳಗೆ ಹುಡುಗನಿಗೆ ಬಾರ್ಸಿಲೋನಾದ ನೆನಪು ಬಂತು: ಜೂನ್‌ನಲ್ಲಿ ಅಲ್ಲಿ ಹತ್ತು ಸೆಕೆಂಡಿನ ದಂಡ ಬಿದ್ದು ಐದನೆಯವ ಹತ್ತನೆಯವನಾಗಿದ್ದ, ಒಂಬತ್ತು ಅಂಕ ಹೋಗಿತ್ತು. ‘ಮಾಮ, ಆ ನಿಯಮಾವಳಿ ಯಾವ ಸೈಟಲ್ಲಿ ಸಿಗುತ್ತೆ?’ ಎಂದು ಕೇಳಿದ. ರಾಯರು ಮಾತಾಡಲಿಲ್ಲ, ಒಳಗೆ ಹೋಗಿ ಹೊಸದೊಂದು ಹಸಿರು ಪೆನ್ನು ತಂದುಕೊಟ್ಟರು.

ನಿಮ್ಮಲ್ಲಿ ಒಂದು ವಿನಂತಿ. ಈ ಮನೆಗೆ ಊಟಕ್ಕೆ ಹೋದಾಗ ಹವಾಮಾನ, ರಾಜಕೀಯ, ಮೆಟ್ರೊ ಕಾಮಗಾರಿ ಏನು ಬೇಕಾದರೂ ಮಾತಾಡಿ. ‘ಐದೇ ಕಾರು ಯಾಕೆ?’ ಎಂದು ಮಾತ್ರ ಕೇಳಬೇಡಿ. ಕೊನೆಯ ಮೆಟ್ರೊ ತಪ್ಪಿಹೋಗುತ್ತದೆ.