ಒಡಕು ಸದ್ದಿಗೆ ಅಸಲಿ ಮುದ್ರೆ

ಹಾಳು ಸದ್ದೂ ಅಸಲಿಯೇ ಬೇಕೆಂದು ಹಟ ಹಿಡಿಯುವ ಗಿರಾಕಿಗಳಿದ್ದಾರೆ. ಎಲೆಕ್ಟ್ರಿಕ್ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ, ಕಾಲಬುಡದಲ್ಲಿ, ಒಂದು ಡಬ್ಬಿ ಇರುತ್ತದೆ. ಪೆಡಲ್ ಅನ್ನುತ್ತಾರೆ. ತುಳಿದರೆ ನೆಟ್ಟಗಿದ್ದ ನಾದ ಒಡೆದು ಒರಟಾಗುತ್ತದೆ. ಒಡೆಯುವುದೇ ಅದರ ಕೆಲಸ. ಈಗ ಆ ಒಡಕು ನಲವತ್ತು ವರ್ಷ ಹಿಂದಿನ ಒಡಕೇ ಆಗಿರಬೇಕಂತೆ.

ಇದರ ಮೂಲಪುರುಷ ಯಾರು ಗೊತ್ತೆ? ಕೆಟ್ಟುಹೋದ ಒಂದು ಯಂತ್ರ. 1960ರ ಸುಮಾರಿಗೆ ನ್ಯಾಶ್‌ವಿಲ್‌ನ ಸ್ಟುಡಿಯೊದಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಹಾಡು ಮುದ್ರಣವಾಗುವಾಗ ಮಿಕ್ಸರ್ ಕೈಕೊಟ್ಟಿತು. ಬೇಸ್ ಗಿಟಾರ್ ಗೊರಗುಟ್ಟಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಗೊರಗನ್ನೇ ಸರ್ಕ್ಯೂಟ್‌ಗೆ ಇಳಿಸಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಡಬ್ಬಿಗೆ ಹಾಕಿ ಮಾರಿತು. ರಿಪೇರಿಗೆ ಹೋಗಬೇಕಾದದ್ದು ಅಂಗಡಿಗೆ ಹೋಯಿತು. ಅಂದಿನಿಂದ ಇಂದಿನವರೆಗೆ ವಾಪಸ್ ಬಂದಿಲ್ಲ.

ಅಲ್ಲಿಯವರೆಗೆ ತಕರಾರಿಲ್ಲ. ಕೆಟ್ಟದ್ದರಿಂದ ಒಳ್ಳೆಯ ಹಾಡು ಬಂದರೆ ಯಾರಿಗೆ ಬೇಡ? ತಕರಾರು ಇರುವುದು ಕೆಟ್ಟದ್ದಕ್ಕೆ ಗೋತ್ರ, ಸೂತ್ರ, ಪ್ರವರ ಕೇಳುವವರ ಮೇಲೆ.

ಜಪಾನಿನ ಬಾಸ್ ಕಂಪನಿಯ ಎಚ್‌ಎಂ-2 ಎಂಬ ಪೆಡಲ್ ನೋಡಿ. 1983ರಲ್ಲಿ ಬಂತು. 1991ರಲ್ಲಿ ಕಂಪನಿಯೇ ಕೈ ತೊಳೆದುಕೊಂಡಿತು. ಜನ ಮುಗಿಬಿದ್ದು ಕೊಳ್ಳುತ್ತಿದ್ದರೆ ಯಾವ ಕಂಪನಿ ಕೈ ತೊಳೆಯುತ್ತದೆ? ಅಷ್ಟರಲ್ಲಿ ಅದು ಸ್ಟಾಕ್‌ಹೋಮಿನ ಹುಡುಗರ ಕೈಗೆ ಸಿಕ್ಕಿತ್ತು. ಇದ್ದ ನಾಲ್ಕು ನಾಬ್‌ಗಳನ್ನೂ ಕೊನೆಯವರೆಗೆ ತಿರುಗಿಸಿದರು. ಮರ ಕೊಯ್ಯುವ ಮೆಷಿನ್ನಿನ ಸದ್ದು ಬಂತು. 1990ರಲ್ಲಿ ಎಂಟೂಂಬ್ಡ್ ತಂಡದ ‘ಲೆಫ್ಟ್ ಹ್ಯಾಂಡ್ ಪಾತ್’ ಆಲ್ಬಂ ಬಂದ ಮೇಲೆ ಆ ಸದ್ದೇ ಸ್ವೀಡನ್ನಿನ ಡೆತ್ ಮೆಟಲ್ ಆಯಿತು.

2021ರಲ್ಲಿ ಅದೇ ಕಂಪನಿ, ತಾನೇ ಕೈಬಿಟ್ಟ ಕೂಸನ್ನು ‘ವಾಜಾ ಕ್ರಾಫ್ಟ್’ ಎಂಬ ದುಬಾರಿ ಮುದ್ರೆ ಒತ್ತಿ ಮತ್ತೆ ತೊಟ್ಟಿಲಿಗೆ ಹಾಕಿತು. ಗಿರಾಕಿ ದುಡ್ಡು ಕೊಟ್ಟು ತಂದ. ನಾಲ್ಕೂ ನಾಬ್ ಪೂರ್ತಿ ತಿರುಗಿಸಿದ. ಮತ್ತೆ ಮುಟ್ಟಲಿಲ್ಲ. ಮುಟ್ಟಿದರೆ ಸಂಪ್ರದಾಯಭಂಗ! ದೇವರು ದಿಂಡರು ಬೇಡವೆಂದು ಅರಚುವ ಸಂಗೀತಕ್ಕೆ ಇಷ್ಟು ಮಡಿ.

ಐಬನೀಜ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ಪೆಡಲ್ ಭಕ್ತರದು ಇನ್ನೊಂದು ಪಂಥ. ಹಳೆಯ ಟಿಎಸ್808 ಶ್ರೇಷ್ಠ, ಆಮೇಲೆ ಬಂದ ಟಿಎಸ್9 ಕನಿಷ್ಠ. ಸರ್ಕ್ಯೂಟ್‌ನಲ್ಲಿ ಇರುವ ವ್ಯತ್ಯಾಸ ಔಟ್‌ಪುಟ್ ಕಡೆಯ ಎರಡು ರೆಸಿಸ್ಟರ್. ಎರಡು ಕಾಳು! ಅದಕ್ಕೆ ದಶಕಗಳ ಕಾಲ ದ್ವೈತ, ಅದ್ವೈತ. ಗರ್ಭಗುಡಿಯಲ್ಲಿ ಕೂತಿರುವುದು 4558 ಎಂಬ ಚಿಪ್. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೇಳಿ ನೋಡಿ. ಬೇಸ್-ಟ್ರೆಬಲ್ ಬೋರ್ಡಿಗೆ ಹಾಕುವ ಅದೇ ಐಸಿಯನ್ನು ಚಿಲ್ಲರೆ ಕಾಸಿಗೆ ಎಣಿಸಿ ಕೊಡುತ್ತಾರೆ. ಕೈ ಮುಗಿಯುವುದಿಲ್ಲ.

ಬಿಗ್ ಮಫ್ ಪೆಡಲ್ ಮಾಡುವ ಎಲೆಕ್ಟ್ರೊ-ಹಾರ್ಮೊನಿಕ್ಸ್‌ನವರು ಇನ್ನೂ ಜಾಣರು. ಹಳೆಯ ಹಲವು ಅವತಾರಗಳನ್ನು ಪುಟ್ಟ ಡಬ್ಬಿಯಲ್ಲಿ ಮತ್ತೆ ಇಳಿಸಿದ್ದಾರೆ. ಅಪ್ಪನ ಕಾಲದ ಗೊರಗು ಬೇರೆ, ಚಿಕ್ಕಪ್ಪನ ಕಾಲದ ಗೊರಗು ಬೇರೆ. ಎರಡನ್ನೂ ಕೊಳ್ಳಿ.

ಕ್ಲಾನ್ ಸೆಂಟಾರ್‌ನ ವಿಷಯ ಎತ್ತಿದರೆ ಮೈ ಉರಿಯುತ್ತದೆ. ಅದೂ ಒಂದು ಪೆಡಲ್. 1994ರಲ್ಲಿ ಅಮೆರಿಕದ ಬಿಲ್ ಫಿನೆಗನ್ ಮಾಡಲು ಶುರುಮಾಡಿದ್ದು. ಯಾರೂ ಕದಿಯದಿರಲೆಂದು ಸರ್ಕ್ಯೂಟ್ ಮೇಲೆ ಅಂಟು ಸುರಿದ. ಜನ ಅದನ್ನೂ ಕೆರೆದು ನೋಡಿದರು. ಒಳಗೆ ಮಾಮೂಲಿ ಬಿಡಿಭಾಗ. ನಕಲುಗಳ ಜಾತ್ರೆ ನೆರೆಯಿತು. ಅಸಲಿಯ ಬೆಲೆ ಇಳಿಯಬೇಕಲ್ಲವೆ? ಏರಿತು. ಸಾವಿರಾರು ಡಾಲರ್. ಕೊನೆಗೆ 2012ರಲ್ಲಿ ಹೊಸ ಆವೃತ್ತಿ ತಂದಾಗ, ಈ ಹುಚ್ಚಿಗೆ ತಾನು ಹೊಣೆಯಲ್ಲ ಎಂದು ಡಬ್ಬಿಯ ಮೇಲೇ ಅಚ್ಚು ಹಾಕಿಸಿದ. ಮಾಡಿದವನೇ ಬೈದಿದ್ದಾನೆ. ಭಕ್ತರಿಗೆ ಬೈಗುಳವೂ ಪ್ರಸಾದ.

ಈ ಪೆಡಲ್‌ಗಳನ್ನು ಮೊದಲು ತುಳಿದವರು ಸಿಕ್ಕಿದ್ದನ್ನು ತುಳಿದವರು. ಸ್ಟಾಕ್‌ಹೋಮಿನ ಹುಡುಗರು ಯಾವ ಇಸವಿಯ ಕೆಪಾಸಿಟರ್ ಎಂದು ತಲೆ ಕೆಡಿಸಿಕೊಂಡಿರಲಿಲ್ಲ. ಅವರ ಉಡಾಫೆಯನ್ನು ಇಂದಿನವರು ಕಂತಿನಲ್ಲಿ ಕೊಳ್ಳುತ್ತಿದ್ದಾರೆ. ಬಂಡಾಯಕ್ಕೆ ಇಎಂಐ, ವಾರಂಟಿ ಕಾರ್ಡು, ಬಿಚ್ಚದೆ ಇಟ್ಟ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ಹರಿದರೆ ಬೆಲೆ ಇಳಿಯುತ್ತದೆ.

ಓವರ್‌ಡ್ರೈವ್ ಪೆಡಲ್‌ನ — ಟ್ಯೂಬ್ ಸ್ಕ್ರೀಮರ್ ಅಂಥದ್ದೇ — ಕಸುಬು ಇಷ್ಟೇ: ಮೊದಲೇ ಅಬ್ಬರಿಸುತ್ತಿರುವ ವಾಲ್ವ್ ಆಂಪ್ಲಿಫೈಯರನ್ನು ಇನ್ನಷ್ಟು ದೂಡುವುದು. ಗಿಟಾರ್ ವಾದಕ ಸ್ಟೀವಿ ರೇ ವಾನ್ ಅದನ್ನು ತುಳಿದಾಗ ಹಿಂದೆ ಫೆಂಡರ್ ಆಂಪ್‌ಗಳು ಕೂಗುತ್ತಿದ್ದವು. ನಮ್ಮ ಸಂಗ್ರಹವೀರ ತುಳಿಯುವುದು ರಾತ್ರಿ ಹನ್ನೊಂದಕ್ಕೆ, ಅಪಾರ್ಟ್‌ಮೆಂಟಿನ ಮಲಗುವ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು. ದೂಡಲು ಆಂಪೇ ಇಲ್ಲ. ಇದ್ದರೆ ಅಸೋಸಿಯೇಷನ್ನಿನಿಂದ ನೋಟಿಸ್ ಬರುತ್ತದೆ.